ಊದಿ ಆರಿಸಿದ ಕರ್ಪೂರ

ಶ್ರೀನಿವಾಸಪುರ
೨೦ ಅಕ್ಟೋಬರ್ ೨೦೨೪

ಅತ್ತಿಗೆಯವರಿಗೆ ಶಾಮಲಳ ನಮಸ್ಕಾರ.

ಈ ಕಾಲದಲ್ಲಿ ಕಾಗದ ಬರೆಯುವವಳು ಯಾರಪ್ಪ ಎಂದು ಅಂಚೆಯವನು ನಕ್ಕಿರಬೇಕು. ನಗಲಿ ಬಿಡಿ. ಫೋನು ಮಾಡಿದರೆ ಎತ್ತುವವನು ನಮ್ಮಣ್ಣ. ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಾನೆ. ನಮ್ಮ ಮನೆಯವರ ಮಾತು ತನ್ನ ಕಿವಿಗೆ ಬೀಳಬಾರದು ಎಂದು ಗಂಗಮ್ಮನ ಗುಡಿಯಲ್ಲಿ ಆಣೆ ಮಾಡಿ ಕೂತಿದ್ದಾನಲ್ಲ. ಆಣೆ ಇರುವುದು ಮಾತಿಗೆ, ಬರವಣಿಗೆಗೆ ಅಲ್ಲ. ಅದೂ ನಾನು ಬರೆಯುತ್ತಿರುವುದು ಅವನಿಗಲ್ಲ, ಅಂಗನವಾಡಿ ಟೀಚರಾಗಿದ್ದ ನಿಮಗೆ. ಗಂಗಮ್ಮ ಇಷ್ಟಕ್ಕೆಲ್ಲ ಮುನಿಯುವವಳಲ್ಲ.

ಸುದ್ದಿ ಏನೆಂದರೆ, ಜನವರಿಯಲ್ಲಿ ನಾವು ಗಂಡ ಹೆಂಡತಿ ವಿದೇಶಕ್ಕೆ ಹೋಗುತ್ತಿದ್ದೇವೆ. ನೀವು ನಗುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ನಮ್ಮ ಗೊಬ್ಬರದ ಅಂಗಡಿಗೆ ಬೆಳೆಯ ಔಷಧಿ ಕೊಡುವ ಕಂಪನಿಯೊಂದು, ಹೋದ ಸೀಸನ್ನಿನಲ್ಲಿ ಟಾರ್ಗೆಟ್ ಮುಟ್ಟಿದ ಅಂಗಡಿಯವರನ್ನೆಲ್ಲ ಜೋಡಿಯಾಗಿ ಕರೆದುಕೊಂಡು ಹೋಗುತ್ತದಂತೆ. ಜಾರ್ಜಿಯಾ ಎಂಬ ದೇಶ. ಹಿಮದ ಬೆಟ್ಟ. ಚಳಿಗಾಲದ ರಜೆಯಂತೆ! ನಮಗೆ ಯಾವ ಕಾಲದಲ್ಲಿ ರಜೆ ಇತ್ತು ಹೇಳಿ.

ನಮ್ಮ ಯಜಮಾನರ ಸಂಭ್ರಮ ನೋಡಲಾಗದು. ನಿನ್ನೆ ಉಣ್ಣೆ ಟೋಪಿ, ಉಣ್ಣೆ ಬನಿಯನ್ನು ಹಾಕಿಕೊಂಡು, ಮಟಮಟ ಮಧ್ಯಾಹ್ನ ಗಲ್ಲಾದಲ್ಲಿ ಕೂತಿದ್ದರು. ಅಭ್ಯಾಸವಾಗಲಿ ಎಂದು. ಬೆವರು ಕತ್ತಿನಿಂದ ಇಳಿದು, ಅದಕ್ಕೆ ಅಂಗಡಿಯ ಔಷಧಿ ವಾಸನೆ ಸೇರಿ, ರಾತ್ರಿ ಪಕ್ಕದಲ್ಲಿ ಕೂತು ಉಣ್ಣಲು ನನಗೆ ಆಗಲಿಲ್ಲ.

ಹೋಗುವ ಆಸೆ ನನಗಿಲ್ಲ ಅತ್ತಿಗೆ. ಈ ಔಷಧಿಯಿಂದಲೇ ಅಲ್ಲವೇ ಎರಡು ಮನೆ ಒಡೆದದ್ದು. ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಎದೆಯಲ್ಲಿ ಅದೇ ತಿರುಗುತ್ತಿರುತ್ತದೆ. ಹೋದ ಬೇಸಿಗೆಯಲ್ಲಿ ಅಣ್ಣ ನಮ್ಮ ಅಂಗಡಿಯಿಂದ ಹುಳದ ಔಷಧಿ ಒಯ್ದ. ತನ್ನ ಟೊಮೊಟೊಗೂ, ಗಂಗುಲಪ್ಪನ ತೋಟಕ್ಕೂ, ಚಿಕ್ಕಗಂಗಮ್ಮನ ತೋಟಕ್ಕೂ ಅವನೇ ಕಲಸಿ ಕೊಟ್ಟ. ಬೀದಿಗೆಲ್ಲ ಔಷಧಿ ಕಲಸುವ ಕೈ ಅವನದೇ ಆಗಿತ್ತಲ್ಲ. ಮೂರೂ ತೋಟದಲ್ಲಿ ಎಲೆ ಸುಟ್ಟು ಹೂವು ಉದುರಿತು. ಔಷಧಿ ಸರಿಯಿಲ್ಲ ಎಂದು ಅಣ್ಣ. ಭಾವ ಕುಡಿದು ಕಲಸಿದ್ದಾನೆ ಎಂದು ಇವರು. ಹಬ್ಬಕ್ಕೊಂದು ಲೋಟ ಮುಟ್ಟುವವನ ಮೇಲೆ, ಅಂಗಡಿ ತುಂಬ ಗಿರಾಕಿಗಳಿದ್ದಾಗ, ಅಂಥ ಮಾತು. ಕೊನೆಗೆ ಹಿರಿಯರು ಇಬ್ಬರನ್ನೂ ಗಂಗಮ್ಮನ ಮುಂದೆ ನಿಲ್ಲಿಸಿದರು. ಇವರು ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, "ಕೆಟ್ಟದ್ದು ಅಂತ ಗೊತ್ತಿದ್ದೂ ಕೊಟ್ಟಿದ್ರೆ ಈ ಕೈ ಸುಟ್ಟು ಹೋಗ್ಲಿ" ಎಂದು ಪ್ರಮಾಣ ಮಾಡಿದರು. ಕರ್ಪೂರ ಆರಿಸಿದ ಮೇಲೆ ಯಾರೂ ಮಾತಾಡುವ ಹಾಗಿಲ್ಲ. ಊರು ಒಪ್ಪಿತು, ನಾನೂ ಒಪ್ಪಿದೆ.

ಅಣ್ಣ ಹೇಗಿದ್ದಾನೆ? ಅಷ್ಟು ಬರೆಯಿರಿ ಸಾಕು.

ಇಂತಿ ನಿಮ್ಮ ನಾದಿನಿ,
ಶಾಮಲ


ತಾಯಲೂರು
೧೦ ನವೆಂಬರ್ ೨೦೨೪

ಶಾಮಲ,

ಕಾಗದ ತಲುಪಿತು. ನಿನ್ನ ಅಣ್ಣ ಹೊಲದಲ್ಲಿದ್ದಾಗ ಬಂತು, ಒಳ್ಳೆಯದಾಯಿತು.

ಹೇಗಿದ್ದಾನೆ ಎಂದು ಕೇಳಿದ್ದೀಯ. ಉಣ್ಣುತ್ತಾರೆ, ಮಲಗುತ್ತಾರೆ. ಔಷಧಿ ಕಲಸಲು ಈಗ ಯಾರೂ ಕರೆಯುವುದಿಲ್ಲ. ಕರೆಯದಿದ್ದರೆ ಹೋಗಲಿ, ಹೋದ ತಿಂಗಳು ಚಿಕ್ಕಗಂಗಮ್ಮನ ಬೋರಿನ ಹತ್ತಿರ ಇವರು ಡ್ರಮ್ಮು ಪಕ್ಕಕ್ಕೆ ಸರಿಸಿದರು. ಇವರು ಅತ್ತ ಹೋದ ಮೇಲೆ ಅವಳು ಆ ಡ್ರಮ್ಮನ್ನು ಬೂದಿ ಹಾಕಿ ತೊಳೆಸಿದಳು. ನಾನು ಬೇಲಿಯ ಈಚೆಯಿಂದ ನೋಡಿದೆ. ಇವರೂ ನೋಡಿದರೋ ಇಲ್ಲವೋ, ನಾನು ಕೇಳಿಲ್ಲ.

ಒಂದು ಮಾತು ಬರೆಯಬಾರದು ಎಂದುಕೊಂಡಿದ್ದೆ. ಮೊದಮೊದಲು "ನನ್ ಕೈ ತಪ್ಪು ಮಾಡಿಲ್ಲ ಕಣೇ" ಎನ್ನುತ್ತಿದ್ದರು. ಈಗ ಎನ್ನುವುದಿಲ್ಲ. "ಶ್ರೀನಿವಾಸಪ್ಪ ಕರ್ಪೂರ ಆರಿಸಿದನಲ್ಲ, ಹಂಗಂದ್ಮೇಲೆ ನಾನೇ ಎಲ್ಲೋ ಹೆಚ್ಚುಕಮ್ಮಿ ಮಾಡಿರಬೇಕು" ಎನ್ನುತ್ತಾರೆ. ಜಗಲಿಯಲ್ಲಿ ಕೂತು ಎರಡು ಅಂಗೈ ಮಗುಚಿ ಮಗುಚಿ ನೋಡಿಕೊಳ್ಳುತ್ತಾರೆ. ಊರು ನಂಬದಿದ್ದರೆ ನಾನು ಸಹಿಸುತ್ತಿದ್ದೆ. ತಮ್ಮ ಕೈಯನ್ನು ತಾವೇ ನಂಬದ ಗಂಡಸಿನ ಮುಂದೆ ಮುದ್ದೆ ಇಟ್ಟು ಕೂರುವುದು ಕಷ್ಟ.

ನೀನು ಹೋಗಿ ಬಾ. ಶುಂಠಿ, ಓಂಕಾಳು ಕಟ್ಟಿಕೋ. ಆ ಕಡೆ ನೀರು ಹೇಗೋ ಏನೋ. ಕುಂಕುಮದ ಡಬ್ಬಿ ಮರೆಯಬೇಡ.

ರಾಮಲಕ್ಷ್ಮಮ್ಮ


ಜಾರ್ಜಿಯಾ ದೇಶ, ಬೆಟ್ಟದ ಮೇಲಿನ ಹಾಸ್ಟೆಲು
೧೪ ಜನವರಿ ೨೦೨೫

ಅತ್ತಿಗೆ,

ದೂರದ ಬೆಟ್ಟ ನುಣ್ಣಗೆ ಎಂದವರು ಕಡಿಮೆ ಹೇಳಿದ್ದಾರೆ. ಹತ್ತಿರ ಹೋದರೆ ನಾರುತ್ತದೆ ಎಂದೂ ಸೇರಿಸಬೇಕಿತ್ತು.

ಇವತ್ತು ಸಂಕ್ರಾಂತಿ. ನೀವು ದನದ ಮೈ ತೊಳೆದು, ಅವರೆಕಾಯಿ ಬೇಯಿಸಿ, ಎಳ್ಳು ಬೀರಿರುತ್ತೀರಿ. ನಾನು ಇಲ್ಲಿ ಬೇರೆಯವರ ಕಾಲುಚೀಲ ನೋಡುತ್ತ ಕೂತಿದ್ದೇನೆ. ಈ ಕಾಗದವನ್ನು ಊರಿಗೆ ಬಂದ ಮೇಲೆ ಅಂಚೆಗೆ ಹಾಕುತ್ತೇನೆ. ಈಗಲೇ ಬರೆಯದಿದ್ದರೆ ಹೊಟ್ಟೆ ಉಬ್ಬರಿಸಿ ಸಾಯುತ್ತೇನೆ.

ಕಂಪನಿಯವರು ದೊಡ್ಡ ಹೋಟೆಲಿನ ಫೋಟೋ ತೋರಿಸಿದ್ದರು. ತಂದು ಹಾಕಿದ್ದು ಹಾಸ್ಟೆಲಿಗೆ. ಬೆಟ್ಟ ಹತ್ತುವ ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು ಬಂದು ಮಲಗಿ ಹೋಗುವ ಜಾಗ. ಗಂಡ ಹೆಂಡತಿಗೆ ಒಂದರ ಮೇಲೊಂದು ಕಬ್ಬಿಣದ ಮಂಚ. ನಮ್ಮ ರೂಮಿನಲ್ಲೇ ಮಾಲೂರಿನ ಔಷಧಿ ಅಂಗಡಿಯ ಕದಿರೇಶ್ ಮತ್ತು ಅವನ ಹೆಂಡತಿ ತ್ರಿವೇಣಿ. ನಮ್ಮ ಯಜಮಾನರು ಮೇಲಿನ ಮಂಚ ಹತ್ತಲಾರೆ ಎಂದು ಕೆಳಗೆ ಉರುಳಿಕೊಂಡರು. ಐವತ್ತು ದಾಟಿದ ನಾನು ಸೀರೆ ಎತ್ತಿಕಟ್ಟಿ, ಪರಗಂಡಸಿನ ಮುಂದೆ ಏಣಿ ಹತ್ತಿದೆ. ಹಾಸಿಗೆಯಲ್ಲಿ ಯಾರದೋ ಕೆಂಚು ಕೂದಲು. ಮೂಗಿಗೆ ಸೆರಗು ಒತ್ತಿಕೊಂಡೇ ಮಲಗಿದೆ.

ಕಕ್ಕಸು ಮಹಡಿಗೆಲ್ಲ ಒಂದೇ. ಚೊಂಬಿಲ್ಲ, ನಲ್ಲಿಯಿಲ್ಲ, ಗೋಡೆಗೆ ಕಾಗದದ ಸುರುಳಿ. ನನಗೆ ಅಳುವೇ ಬಂತು. ಆಮೇಲೆ ಉಪ್ಪಿನಕಾಯಿಯನ್ನು ಇವರ ಉಣ್ಣೆ ಟೋಪಿಯ ಕವರಿಗೆ ಸುರಿದು, ಆ ಬಾಟಲಿಯನ್ನು ತೊಳೆದು ಚೊಂಬು ಮಾಡಿಕೊಂಡೆ. ತ್ರಿವೇಣಿ ಬಂದು "ಅಕ್ಕಾ, ಒಂದ್ನಿಮಿಷ ಕೊಡ್ತೀರಾ" ಎಂದಳು. ಕೊಟ್ಟೆ. ಇನ್ನೇನು ಮಾಡಲಿ.

ಅಡುಗೆಮನೆಯನ್ನು ನೋಡಿದರೆ ನೀವು ಮೂರ್ಛೆ ಹೋಗುತ್ತೀರಿ. ಒಬ್ಬ ಗಡ್ಡದ ಹುಡುಗ ಸೌಟಿನಿಂದ ಸಾರು ಕುಡಿದು, ಅದೇ ಸೌಟನ್ನು ಮತ್ತೆ ಪಾತ್ರೆಗೆ ಅದ್ದಿದ. ನಾನು ಅಯ್ಯಯ್ಯೋ ಎಂದು ಕೂಗಿಬಿಟ್ಟೆ. ಅವನು ನಗುತ್ತ ನನಗೂ ಒಂದು ಸೌಟು ನೀಡಿದ. ಎಂಜಲು ಎಂದರೆ ಏನೆಂದು ಇವರ ತಾಯಂದಿರು ಹೇಳಿಕೊಟ್ಟಿಲ್ಲ. ಬಿಸಿಗಾಳಿಯ ಪೆಟ್ಟಿಗೆಯ ಮೇಲೆ ಒಂದು ಕಡೆ ಒದ್ದೆ ಕಾಲುಚೀಲ, ಇನ್ನೊಂದು ಕಡೆ ಬ್ರೆಡ್ಡು. ಎರಡರ ವಾಸನೆಗೂ ನನಗೆ ವ್ಯತ್ಯಾಸ ತಿಳಿಯಲಿಲ್ಲ.

ನಮ್ಮವರೇನು ಕಡಿಮೆ ಎಂದುಕೊಳ್ಳಬೇಡಿ. ಹಿಮ ಬೆಳ್ಳಗೆ, ಅಕ್ಕಿಹಿಟ್ಟು ಹರಡಿದ ಹಾಗೆ ಬಿದ್ದಿತ್ತು. ಬೆಳಿಗ್ಗೆ ಬಾಗಿಲು ತೆಗೆದಾಗ ಒಂದು ಗಳಿಗೆ ನನಗೂ ಜೀವ ತಂಪಾಯಿತು. ಅಷ್ಟರಲ್ಲಿ ಕದಿರೇಶ್ ಬಂದು ಅದರ ಮೇಲೆ ಕೆಂಪಗೆ ಗುಟ್ಕಾ ಉಗುಳಿದ. ಹಿಂದಿನ ದಿನ ಕುಡಿದದ್ದನ್ನು ಇನ್ನೊಬ್ಬ ಮೆಟ್ಟಿಲ ಪಕ್ಕದಲ್ಲೇ ಕಕ್ಕಿದ್ದ. ಮಧ್ಯಾಹ್ನಕ್ಕೆ ಅಂಗಳವೆಲ್ಲ ಮಳೆ ಬಂದ ದಿನದ ಕೋಲಾರದ ಟೊಮೊಟೊ ಮಾರ್ಕೆಟ್ಟು. ಹಾಸ್ಟೆಲು ನೋಡಿಕೊಳ್ಳುವ ಮುದುಕಿಯೊಬ್ಬಳಿದ್ದಾಳೆ, ಗಂಡುದನಿ, ತಲೆಗೆ ಕರಿ ಬಟ್ಟೆ. ಅವಳು ಸಲಿಕೆ ತಂದು ಆ ಕೆಂಪನ್ನೆಲ್ಲ ಎತ್ತಿ ಹಾಕಿದಳು. ಎತ್ತುವಾಗ ನನ್ನನ್ನು ನೋಡಿದ ನೋಟ! ನಾನು ಅವಳ ಕಕ್ಕಸಿಗೆ ಅಸಹ್ಯ ಪಡುತ್ತಿದ್ದೆ, ಅವಳು ನಮ್ಮ ಬಾಯಿಗೆ ಅಸಹ್ಯ ಪಡುತ್ತಿದ್ದಳು.

ಕಂಪನಿಯ ಮ್ಯಾನೇಜರು ಕಾಂತರಾಜ್ ನಮ್ಮಿಬ್ಬರ ಕೈಗೂ ಹಿಮದ ಉಂಡೆ ಕೊಟ್ಟು, ಒಬ್ಬರ ಮೇಲೊಬ್ಬರು ಎಸೆಯಿರಿ ಎಂದು ಫೋಟೋ ತೆಗೆಸಿದ. ನಾನು ಎಸೆದದ್ದು ಇವರ ಮೂಗಿಗೆ ಬಿತ್ತು. ಅದೊಂದೇ ಇಲ್ಲಿ ನನಗೆ ಸಿಕ್ಕ ಸುಖ.

ಶಾಮಲ


ಅದೇ ಹಾಸ್ಟೆಲು
೧೬ ಜನವರಿ

ಅತ್ತಿಗೆ,

ಈ ಕಾಗದವನ್ನು ಕೂತು ಓದಿ.

ನಿನ್ನೆ ಸಂಜೆ ಊಟದ ಹಾಲಿನಲ್ಲಿ ಸನ್ಮಾನವಿತ್ತು. ಗಂಡಸರೆಲ್ಲ ಆಗಲೇ ಕುಡಿದಿದ್ದರು. ಕಾಂತರಾಜ್ ಒಬ್ಬೊಬ್ಬರನ್ನೇ ಕರೆದು ಶಾಲು ಹೊದಿಸುತ್ತಿದ್ದ. ನಮ್ಮವರ ಸರದಿ ಬಂದಾಗ ಹೆಗಲ ಮೇಲೆ ಕೈ ಹಾಕಿಕೊಂಡು ಹೇಳಿದ: "ಇವ್ರು ಗಂಡಸು ಕಣ್ರೀ! ಬೇಸಿಗೇಲಿ ಆ ಲಾಟಿನ ಔಷಧಿ ಎಲೆ ಸುಡ್ತಾ ಇದೆ, ವಾಪಸ್ ಕಳ್ಸಿ ಅಂತ ಕಂಪನಿಯಿಂದ ಫೋನ್ ಬಂದಾಗ ನೀವೆಲ್ಲ ಹೆದರ್ಕೊಂಡು ಕಳ್ಸಿದ್ರಿ. ಶ್ರೀನಿವಾಸಪ್ಪನೋರು? ಒಂದು ಪೆಟ್ಟಿಗೇನೂ ಕಳ್ಸಲಿಲ್ಲ. ಒಂದೊಂದೂರಿಗೆ ಒಂದೊಂದು ಪೆಟ್ಟಿಗೆ ಹಂಚಿ, ಯಾರ್ಗೂ ಗುಮಾನಿ ಬರ್ದಂಗೆ ಖಾಲಿ ಮಾಡಿದ್ರು. ಅದ್ಕೇ ಟಾರ್ಗೆಟ್ಟು, ಅದ್ಕೇ ಶಾಲು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟುತ್ತಿದ್ದಾರಲ್ಲ ಎಂದು ನಾನೂ ತಟ್ಟಿದೆ. ತಟ್ಟುತ್ತಿರುವಾಗಲೇ ಮಾತು ಒಳಗೆ ಇಳಿಯಿತು. ಎಲೆ ಸುಡುವ ಲಾಟು. ಬೇಸಿಗೆ. ನನ್ನ ಎರಡು ಕೈಯೂ ಅಂಟಿಕೊಂಡವು.

ನಮ್ಮವರು ನನ್ನ ಕಡೆ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇನೆ. ಇವರು ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ನಕ್ಕರು.

ಇವತ್ತು ಬೆಳಿಗ್ಗೆ ನಮ್ಮ ಗುಂಪಿನ ಉಳಿದವರೆಲ್ಲ ಜಾರುಬಂಡೆ ಆಡಲು ಕೆಳಗೆ ಹೋದರು. ರೂಮಿನಲ್ಲಿ ನಾವಿಬ್ಬರೇ. ನಾನು ಮುಖ ತೊಳೆದು, ಕುಂಕುಮದ ಡಬ್ಬಿಯಲ್ಲಿದ್ದ ಕರ್ಪೂರ ತೆಗೆದು, ಸ್ಟೀಲು ತಟ್ಟೆಯಲ್ಲಿಟ್ಟು ಹಚ್ಚಿದೆ. "ಅವತ್ತು ಗಂಗಮ್ಮನ ಮುಂದೆ ಏನ್ ಹೇಳಿದ್ರೋ ಅದನ್ನೇ ಈಗ ನನ್ ಮುಂದೆ ಹೇಳಿ ಆರಿಸಿ" ಎಂದೆ.

"ಏಮೇ, ಪಿಚ್ಚಿ ಪಟ್ಟಿಂದಾ ನೀಕು? ಇದೇನು ಗುಡೀನಾ?" ಎಂದರು. ನನಗೆ ಹುಚ್ಚು ಹಿಡಿದಿದೆಯಂತೆ. ಸಿಟ್ಟು ಬಂದರೆ ತೆಲುಗೇ ಅಲ್ಲವೇ ಅವರಿಗೆ.

"ಕರ್ಪೂರ ಹತ್ತಿದ ಕಡೆ ಗಂಗಮ್ಮ ಇರ್ತಾಳೆ. ನಿಮ್ಮಮ್ಮನೇ ಹೇಳ್ತಿದ್ರು. ಆರಿಸಿ."

ಬಲಗೈ ಎತ್ತಿದರು. ನಾನು ಆ ಕೈಯನ್ನೇ ನೋಡುತ್ತಿದ್ದೆ. ದೇವರೇ, ಇಳಿಸಲಿ, ಇಳಿಸಿ ಆರಿಸಲಿ, ಕಾಂತರಾಜ್ ಕುಡಿದು ಬೊಗಳಿದ್ದು ಎಂದಾಗಲಿ ಎಂದು ಬೇಡಿಕೊಂಡೆ. ಕೈ ಅರ್ಧಕ್ಕೆ ಬಂದು ವಾಪಸ್ಸು ಜೇಬಿಗೆ ಹೋಯಿತು. ಆಮೇಲೆ ಬಗ್ಗಿ, ತಟ್ಟೆಯ ಹತ್ತಿರ ಬಾಯಿ ತಂದು, ಫೂ ಎಂದು ಊದಿಬಿಟ್ಟ.

ಅತ್ತಿಗೆ, ಬಾಯಿಂದ! ಮನೆಯ ದೀಪವನ್ನು ಯಾರಾದರೂ ಊದಿ ಆರಿಸುತ್ತಾರೆಯೇ? ಹಿಂದಿನ ಸಂಜೆಯ ಸಾರಾಯಿ ನಾರುವ ಬಾಯಿ. ಉಗುಳು ಹನಿಹನಿಯಾಗಿ ತಟ್ಟೆಯ ಮೇಲೆ ಬಿದ್ದದ್ದನ್ನು ನಾನು ಕಂಡೆ. ಈ ಹಾಸ್ಟೆಲಿನ ಕೂದಲು, ಕಾಲುಚೀಲ, ಕಕ್ಕಸು ಎಲ್ಲಕ್ಕೂ ಮೂಗು ಮುಚ್ಚಿಕೊಂಡಿದ್ದೆನಲ್ಲ, ಅದು ಯಾವುದೂ ಹೇಸಿಗೆಯಲ್ಲ. ಹೇಸಿಗೆ ನನ್ನ ಜೊತೆಯೇ ವಿಮಾನ ಹತ್ತಿ ಬಂದಿತ್ತು. ಓಡಿಹೋಗಿ ವಾಂತಿ ಮಾಡಿದೆ.

ಅಷ್ಟರಲ್ಲಿ ಹೊಗೆಗೆ ಮಾಡಿನ ಗಂಟೆ ಬಡಿದುಕೊಂಡಿತು. ಬೆಂಕಿ ಬಿತ್ತೆಂದು ಹಾಸ್ಟೆಲಿನಲ್ಲಿ ಉಳಿದವರೆಲ್ಲ ಬನಿಯನ್ನಿನಲ್ಲಿ, ಬರಿಗಾಲಿನಲ್ಲಿ ಹಿಮಕ್ಕೆ ಓಡಿದರು. ಹೊರಗೆ ಎಲ್ಲರ ಮುಂದೆ ಆತ ನಗುತ್ತ, ನನ್ನ ಕಡೆ ಕೈ ತೋರಿಸಿ "ಪೂಜಾ, ಪೂಜಾ" ಎಂದ. ಬೈಗುಳ ನನಗೆ ಬಿತ್ತು.

ಸಂಜೆ ಆ ಮುದುಕಿಯ ಮೇಜಿನ ಹತ್ತಿರ ಹೋದೆ, ಕ್ಷಮೆ ಕೇಳೋಣವೆಂದು. ಅವಳ ದೇವರ ಪಟದ ಮುಂದೆ ಮೇಣದ ಬತ್ತಿ ಉರಿಯುತ್ತಿತ್ತು. ಎದ್ದು ಹೋಗುವ ಮುಂಚೆ ಅವಳು ಅದನ್ನು ಎರಡು ಬೆರಳಿನಿಂದ ಚಿವುಟಿ ಆರಿಸಿದಳು. ಬಾಯಿ ಹಾಕಲಿಲ್ಲ. ನಾನು ಅಲ್ಲೇ ಕೂತು ಅತ್ತೆ. ಅವಳಿಗೆ ಏನು ತಿಳಿಯಿತೋ, ನನ್ನ ಮುಂದೆ ಬಿಸಿನೀರಿನ ಲೋಟ ಇಟ್ಟಳು. ಯಾರ ಎಂಜಲಾದರೂ ಆಗಿರಲಿ ಎಂದು ಕುಡಿದೆ.

ಅಣ್ಣನ ಕೈ ತಪ್ಪು ಮಾಡಿಲ್ಲ. ಅವನಿಗೆ ಹೇಳಿ.

ಶಾಮಲ


ಶ್ರೀನಿವಾಸಪುರ
೯ ಫೆಬ್ರವರಿ ೨೦೨೫

ಅತ್ತಿಗೆ,

ಬಂದ ದಿನವೇ ಎರಡು ಕಾಗದವನ್ನೂ ಅಂಚೆಗೆ ಹಾಕಿದೆ. ನಿಮ್ಮಿಂದ ಉತ್ತರವಿಲ್ಲ. ಓದಿ ನೀವು ಏನು ಮಾಡಿದಿರಿ ಎಂದು ದಿನಾ ಊಹಿಸುತ್ತೇನೆ.

ಅಂಗಡಿಯ ಮುಂದೆ ಆಳೆತ್ತರದ ಫ್ಲೆಕ್ಸು ಕಟ್ಟಿಸಿದ್ದಾನೆ. ಅದರಲ್ಲಿ ನಾವಿಬ್ಬರೂ ಹಿಮದ ಉಂಡೆ ಹಿಡಿದು ಹಲ್ಲು ಕಿರಿಯುತ್ತಿದ್ದೇವೆ. ಬಸ್ ಸ್ಟ್ಯಾಂಡಿಗೆ ಹೋಗುವವರೆಲ್ಲ ನೋಡುತ್ತಾರೆ. ಕಾಗೆಯೊಂದು ನನ್ನ ಮುಖದ ಮೇಲೆ ಹಿಕ್ಕೆ ಹಾಕಿದೆ. ಒರೆಸಬೇಡ ಎಂದು ಕೆಲಸದವನಿಗೆ ಹೇಳಿದ್ದೇನೆ.

ಅನ್ನ ಬಡಿಸಲು ಹತ್ತಿರ ಹೋದರೆ ಆ ಬಾಯಿ ಕಾಣುತ್ತದೆ. ಅಗಿಯುವುದು ಕಾಣುತ್ತದೆ. ತಟ್ಟೆ ತಳ್ಳಿ ಒಳಗೆ ಬಂದುಬಿಡುತ್ತೇನೆ. "ತಾಯಲೂರಿಗೆ ಬಂದು ನಿಜ ಹೇಳಿ" ಎಂದು ಕೇಳಿದ್ದಕ್ಕೆ, "ಈ ಅಂಗಡಿ ಅನ್ನಾನೇ ಅಲ್ವಾ ನೀನೂ ತಿಂದಿದ್ದು?" ಎಂದ. ಅದು ಗಂಟಲಲ್ಲಿ ನಿಂತಿದೆ, ಉಗುಳಲೂ ಆಗದು ನುಂಗಲೂ ಆಗದು.

ನಾನೇ ಬರುತ್ತೇನೆ. ಅದೇ ಗುಡಿ, ಅದೇ ಜನ. ಅವರ ಮುಂದೆ ನಾನೇ ಹೇಳುತ್ತೇನೆ.

ಶಾಮಲ


ತಾಯಲೂರು
೨೦ ಫೆಬ್ರವರಿ ೨೦೨೫

ಶಾಮಲ,

ಉತ್ತರ ಬರೆಯಲು ಕೂತಾಗಲೆಲ್ಲ ಸಿಟ್ಟಿಗೆ ಕಾಗದ ಹರಿದು ಹಾಕಿದೆ. ನಿನ್ನ ಗಂಡನಿಗೆ ಈ ಮನೆಯಲ್ಲಿ ನಾನು ಎಷ್ಟು ಸಲ ಎಲೆ ಹಾಕಿ, ತುಪ್ಪ ಬಡಿಸಿದ್ದೇನೆ. ಆ ಎಲೆ ಎತ್ತಿದ ಕೈ ಈಗ ತೊಳೆಯಬೇಕು ಎನ್ನಿಸುತ್ತದೆ.

ಆದರೂ ನೀನು ಬರಬೇಡ.

ನಿನ್ನ ಅಣ್ಣನಿಗೆ ನಾನು ಇನ್ನೂ ಹೇಳಿಲ್ಲ. ಹೇಳಿದರೆ ಅವರು ಮೊದಲು ಕೇಳುವುದು "ಶಾಮಲಂಗೆ ಆ ಮನೇಲಿ ಏನಾಗ್ತದೆ" ಎಂದು. ನನಗೆ ಗೊತ್ತು. ತಂಗಿಯ ಸಂಸಾರ ಒಡೆಯುವುದಾದರೆ ತನ್ನ ಕೈಯೇ ಕೆಟ್ಟದ್ದು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ಮನುಷ್ಯ. ಹೆಣ್ಣು ಗಂಡನ ಮೇಲೆ ಗುಡಿಯಲ್ಲಿ ನಿಂತು ಪ್ರಮಾಣ ಮಾಡಿದ ಮೇಲೆ ಆ ಬಾಗಿಲು ಮತ್ತೆ ತೆರೆಯುತ್ತದೆಯೇ? ಬಾಳಬೇಕಾದವಳು ನೀನು. ಅದಕ್ಕೇ ನಾನು ಸುಮ್ಮನಿದ್ದೇನೆ. ಸುಮ್ಮನಿರುವುದಕ್ಕೂ ನನಗೆ ಅಸಹ್ಯವಾಗುತ್ತಿದೆ. ನಿನ್ನೆಯೂ ಅವರು ಜಗಲಿಯಲ್ಲಿ ಕೂತು ಅಂಗೈ ನೋಡಿಕೊಂಡರು. ನಾನು ಒಳಗೆ ಹೋಗಿ ರಾಗಿ ಕೇರುವ ಹಾಗೆ ನಟಿಸಿದೆ.

ಯೋಚನೆ ಮಾಡು.

ರಾಮಲಕ್ಷ್ಮಮ್ಮ


ಶ್ರೀನಿವಾಸಪುರ
೧೨ ಮಾರ್ಚ್ ೨೦೨೫

ಸೌಭಾಗ್ಯವತಿ ರಾಮಲಕ್ಷ್ಮಮ್ಮನವರಿಗೆ,

ನೀವು ಫೋನ್ ಎತ್ತುತ್ತಿಲ್ಲವಾದ್ದರಿಂದ ಅಂಗಡಿಯ ಕಾಗದದಲ್ಲೇ ಬರೆದು ಬಸ್ಸಿನವರ ಕೈಲಿ ಕಳಿಸುತ್ತಿದ್ದೇನೆ. ನನ್ನ ಹೆಂಡತಿ ನಿನ್ನೆ ಮಂಗಳವಾರ ಹೇಳದೆ ಕೇಳದೆ ಬ್ಯಾಗು ಹಿಡಿದುಕೊಂಡು ಮುಳಬಾಗಿಲು ಬಸ್ಸು ಹತ್ತಿದಳೆಂದು ತಿಳಿಯಿತು. ನಿಮ್ಮಲ್ಲಿಗೇ ಬಂದಿರುತ್ತಾಳೆ. ಆ ದೇಶದ ಚಳಿ ಅವಳ ತಲೆಗೆ ಹತ್ತಿದೆ. ಅಲ್ಲಿ ರೂಮಿನಲ್ಲಿ ಕರ್ಪೂರ ಹಚ್ಚಿ ನಮ್ಮ ಮಾನ ಕಳೆದಳು. ಅವಳು ಏನು ಹೇಳಿದರೂ ನಂಬಬೇಡಿ. ಹೆಂಗಸರ ಬುದ್ಧಿ ನಿಮಗೆ ತಿಳಿಯದ್ದೇನಲ್ಲ, ನೀವು ಓದಿದವರು.

ವ್ಯಾಪಾರ ಎಂದ ಮೇಲೆ ಒಂದು ಲಾಟು ಹಿಂದೆ ಮುಂದೆ ಆಗುತ್ತದೆ. ಅದನ್ನೇ ಹಿಡಿದುಕೊಂಡು ಕೂತರೆ ಸಂಬಂಧ ಉಳಿಯುವುದಿಲ್ಲ. ಭಾವನ ಮೇಲೆ ನನಗೇನೂ ದ್ವೇಷವಿಲ್ಲ. ಇದರ ಜೊತೆ ಒಂದು ಮೂಟೆ ಗೊಬ್ಬರ, ಹೊಸ ಸ್ಪ್ರೇಯರು ಕಳಿಸಿದ್ದೇನೆ. ಇಟ್ಟುಕೊಳ್ಳಲು ಹೇಳಿ. ಶಾಮಲಳನ್ನು ಶುಕ್ರವಾರದೊಳಗೆ ಕಳಿಸಿಕೊಡಿ. ಅಂಗಡಿಯ ಮುಂದೆ ಜನ ಕೇಳುತ್ತಿದ್ದಾರೆ.

ಇಂತಿ,
ಶ್ರೀನಿವಾಸಪ್ಪ


ತಾಯಲೂರು
೧೫ ಮಾರ್ಚ್ ೨೦೨೫

ಶ್ರೀನಿವಾಸಪ್ಪನವರಿಗೆ,

ನಿಮ್ಮ ಮೂಟೆ, ನಿಮ್ಮ ಸ್ಪ್ರೇಯರು ಅದೇ ಬಸ್ಸಿನಲ್ಲಿ ವಾಪಸ್ಸು ಬರುತ್ತಿವೆ. ಇಳಿಸಿಕೊಳ್ಳಿ.

ನಿಮ್ಮ ಹೆಂಡತಿ ಇಲ್ಲಿಗೆ ಬಂದದ್ದು ನಿಜ. ಬರಬೇಡ ಎಂದು ಬರೆದಿದ್ದವಳು ನಾನು. ಅವಳು ನಮ್ಮ ಮನೆಗೆ ಬರಲಿಲ್ಲ, ಬಸ್ಸಿಳಿದವಳು ನೇರ ಗಂಗಮ್ಮನ ಗುಡಿಗೆ ಹೋದಳು. ಮಂಗಳವಾರವಾದ್ದರಿಂದ ಜನವಿತ್ತು. ಗಂಗುಲಪ್ಪ, ಚಿಕ್ಕಗಂಗಮ್ಮ ಇಬ್ಬರೂ ಇದ್ದರು. ಯಾರೋ ಓಡಿಬಂದು ಹೇಳಿದರು, ನಾವೂ ಹೋದೆವು. ಶಾಮಲ ತಟ್ಟೆಯಲ್ಲಿ ಕರ್ಪೂರ ಹಚ್ಚಿಟ್ಟು, ನಿಮ್ಮ ಮ್ಯಾನೇಜರು ಹೇಳಿದ್ದು, ನಿಮಗೆ ಹೊದಿಸಿದ ಶಾಲು, ನೀವು ಊದಿದ್ದು, ಒಂದನ್ನೂ ಬಿಡದೆ ಹೇಳಿದಳು. ಊದಿದ ಮಾತು ಬಂದಾಗ ಪೂಜಾರಿ ಕಿವಿ ಮುಚ್ಚಿಕೊಂಡ. ಆಮೇಲೆ "ನಮ್ಮಣ್ಣನ ಕೈ ತಪ್ಪು ಮಾಡಿಲ್ಲ" ಎಂದು ಬಲಗೈಯನ್ನು ಉರಿಯ ಮೇಲೆ ಇಟ್ಟಳು.

ಅವಳಿಗೆ ಅಭ್ಯಾಸವಿಲ್ಲ. ಹೆಚ್ಚು ಹೊತ್ತು ಇಟ್ಟುಬಿಟ್ಟಳು. ಅಂಗೈಯಲ್ಲಿ ಗುಳ್ಳೆ ಎದ್ದಿತು. ಕೈ ಸುಟ್ಟಿತಲ್ಲ, ಸುಳ್ಳಿರಬಹುದು ಎಂದು ಯಾರೋ ಗೊಣಗಿದರು. ಡ್ರಮ್ಮನ್ನು ಬೂದಿ ಹಾಕಿ ತೊಳೆಸಿದ್ದ ಚಿಕ್ಕಗಂಗಮ್ಮನೇ ತಿರುಗಿ ಬಿದ್ದಳು: "ಸುಮ್ನಿರ್ಲಾ. ಸುಳ್ಳಾಡೋರು ಕೈ ಬೇಗ ತಕ್ಕೊಂತಾರೆ. ಅವತ್ತು ಅವನು ತಕ್ಕೊಂಡಿದ್ದು ನೋಡ್ಲಿಲ್ವಾ ನೀನು?"

ಆಗ ಇವರು ಮುಂದೆ ಹೋಗಿ ತಂಗಿಯ ಕೈ ಹಿಡಿದುಕೊಂಡರು. ಆಣೆ ಮಾಡಿದ ಮೇಲೆ ಅವಳ ಜೊತೆ ಇವರು ಆಡಿದ ಮೊದಲ ಮಾತು ಇದು: "ಅಷ್ಟೊತ್ತು ಇಡಬಾರ್ದು ಕಣೇ, ಹುಚ್ಚೀ. ತಟ್ಟಿ ತೆಗೀಬೇಕು." ಮಾತಾಡುತ್ತಲೇ ಇಬ್ಬರೂ ಅತ್ತರು. ಗಂಗಮ್ಮನ ಮುಂದೆ ಆಡಿದ ಆಣೆ ಗಂಗಮ್ಮನ ಮುಂದೆಯೇ ಮುರಿಯಿತು. ಅವಳದೇನೂ ತಕರಾರು ಇದ್ದ ಹಾಗೆ ಕಾಣಲಿಲ್ಲ.

ಇವತ್ತು ಬೆಳಿಗ್ಗೆ ಗಂಗುಲಪ್ಪ ಬಂದು ಜಗಲಿಯ ಕೆಳಗೆ ನಿಂತ. ಇವರನ್ನು ಕರೆದು "ಚನ್ನರಾಯಪ್ಪಾ, ಹುಳ ಬಿದ್ದದೆ, ವಸಿ ಬಂದು ಕಲಸಿ ಕೊಡ್ತೀಯಾ" ಎಂದ. ಇವರು ಎದ್ದು ಟವೆಲು ಹೆಗಲಿಗೆ ಹಾಕಿಕೊಂಡು ಅವನ ಹಿಂದೆ ಹೋದರು. ಇನ್ನೂ ಬಂದಿಲ್ಲ. ಮುದ್ದೆ ಆರುತ್ತಿದೆ, ಆರಲಿ.

ಶಾಮಲಳನ್ನು ಶುಕ್ರವಾರದೊಳಗೆ ಕಳಿಸಿ ಎಂದಿದ್ದೀರಿ. ನಿನ್ನೆಯೇ ಶುಕ್ರವಾರ ಆಗಿಹೋಯಿತು. ಅವಳು ಮೂಟೆಯಲ್ಲ, ಬಸ್ಸಿಗೆ ಹಾಕಿ ಕಳಿಸಲು. ಅಂಗೈಗೆ ಬೆಣ್ಣೆ ಹಚ್ಚಿಕೊಂಡು ಒಳಗೆ ಮಲಗಿದ್ದಾಳೆ. ಹೋಗುವುದೂ ಇರುವುದೂ ಅವಳಿಗೆ ಸೇರಿದ್ದು.

ನೀವು ಬರುವುದಾದರೆ ಬನ್ನಿ. ಬೇಡ ಎನ್ನುವುದಿಲ್ಲ. ಗುಡಿಯಲ್ಲಿ ಕರ್ಪೂರ ಇದೆ, ಬೆಂಕಿಪೊಟ್ಟಣ ಇದೆ, ಜನ ಇರುತ್ತಾರೆ. ಕೈ ತೊಳೆದುಕೊಂಡು ಬನ್ನಿ. ಬಾಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ರಾಮಲಕ್ಷ್ಮಮ್ಮ